ಅಟ್ಲಾಂಟಾಕ್ಕೆ ಒಯ್ದ ಮಣ್ಣಿನ ಎಲೆ

ವಿಮಾನ ನಿಲ್ದಾಣ

ಅಮೆರಿಕಕ್ಕೆ ಹೋಗಿಬಂದವರೆಲ್ಲ ವಿಮಾನದ ಕಿಟಕಿಯಲ್ಲಿ ಕಂಡ ಮೋಡಗಳನ್ನು ಬಾಯಿತುಂಬ ವರ್ಣಿಸುತ್ತಾರೆ. ನನಗೆ ಒಂದು ಮೋಡವೂ ನೆನಪಿಲ್ಲ. ಹತ್ತಿದಲ್ಲಿಂದ ಇಳಿಯುವವರೆಗೂ ನನ್ನ ಜೀವ ಕೆಳಗೆ ಸಾಮಾನುಗಳ ನಡುವೆ ಬಿದ್ದಿದ್ದ ಕಂದು ಸೂಟ್‌ಕೇಸಿನಲ್ಲಿತ್ತು. ಅದರೊಳಗೆ ಹಳೆಯ ಸೀರೆಗಳನ್ನೂ ಕಂಬಳಿಯನ್ನೂ ಸುತ್ತಿಸಿಕೊಂಡು ಒಂದು ಮಣ್ಣಿನ ಎಲೆ ಮಲಗಿತ್ತು. ಮೊಳದುದ್ದದ್ದು, ತುದಿಗಳು ಸುರುಳಿ ಸುತ್ತಿದ್ದು, ನಮ್ಮದೇ ಹಂಚಿನ ಕಾರ್ಖಾನೆಯ ಭಟ್ಟಿಯಲ್ಲಿ ಸುಟ್ಟು ತೆಗೆದ ಕೆಂಪು ಎಲೆ.

ಕಾರ್ಖಾನೆ ಕುಂದಾಪುರದ ಹತ್ತಿರ, ಹೊಳೆಯ ದಂಡೆಯಲ್ಲಿ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನೂ ಮೈದುನ ವಾಸುದೇವನೂ ಸೇರಿ ಹೇಗೋ ನಡೆಸಿಕೊಂಡು ಬಂದಿದ್ದೆವು. ಊರಿಗೆ ಊರೇ ತಾರಸಿ ಹಾಕಿಸಿಕೊಳ್ಳತೊಡಗಿದ ಮೇಲೆ ಹಂಚು ಕೇಳುವವರು ಯಾರು? ಹೊಳೆಬದಿಯ ಜಾಗಕ್ಕೆ ಹೋಟೆಲ್ ಕಟ್ಟುವ ಒಂದು ಪಾರ್ಟಿ ಬಂದಿತ್ತು. ವಾಸು ಮಾರುವ ಎಂದ. ನಾನು ಸಾಯುವವರೆಗೆ ಆಗದು ಎಂದೆ. ಒಂದು ವರ್ಷ ಇದೇ ಜಗಳ. ಅಷ್ಟರಲ್ಲಿ ಅಟ್ಲಾಂಟಾದ ಯಾವುದೋ ಹಳೆಯ ಕಟ್ಟಡದ ನೆತ್ತಿಯಂಚಿಗೆ ಇಂಥ ನೂರಾರು ಮಣ್ಣಿನ ಎಲೆಗಳು ಬೇಕಾಗಿವೆ, ಮಾದರಿಗೆ ಒಂದು ಮಾಡಿ ತರುತ್ತೀರಾ ಎಂದು ಕೇಳಿ ಬಂತು. ನಾನೂ ವಾಸುವೂ ದೇವರ ಮುಂದೆ ನಿಂತು ಮಾತಾಡಿಕೊಂಡೆವು. ಎಲೆ ಪಾಸಾದರೆ ಕಾರ್ಖಾನೆ ಉಳಿಯುತ್ತದೆ. ಇಲ್ಲವಾದರೆ ನಾನು ತುಟಿಪಿಟಕ್ಕೆನ್ನದೆ ಸಹಿ ಹಾಕಬೇಕು.

ವಾಷಿಂಗ್ಟನ್ನಿನಲ್ಲಿ ಇಳಿದಾಗ ಒಂದು ಚೀಟಿ ಕೊಟ್ಟು ತುಂಬಿಸಲು ಹೇಳಿದರು. ಹಣ್ಣು ತಂದಿದ್ದೀರಾ, ಬೀಜ ತಂದಿದ್ದೀರಾ, ಮಣ್ಣು ತಂದಿದ್ದೀರಾ? ನಾನು ಮಣ್ಣಿನಿಂದಲೇ ಅನ್ನ ತಿಂದವಳು, ಇಲ್ಲ ಎಂದು ಹೇಗೆ ಬರೆಯಲಿ? ಹೌದು ಎಂದು ಗುರುತು ಹಾಕಿದೆ. ಅಷ್ಟೇ ನೋಡಿ, ಕೈಗವಸು ತೊಟ್ಟ ಇಬ್ಬರು ಬಂದು ನನ್ನನ್ನು ಬೇರೆ ಸಾಲಿಗೆ ಕರೆದುಕೊಂಡು ಹೋದರು. ಒಂದೊಂದೇ ಸೀರೆ ಬಿಚ್ಚಿದರು. ಕೊನೆಗೆ ಎಲೆ ಹೊರಗೆ ಬಂತು. ಅವರಲ್ಲಿ ಹಿರಿಯವನು ಅದನ್ನು ಬೆರಳಿನಿಂದ ಬಡಿದು ನೋಡಿದ. ಅದು ಠಣ್ಣೆಂದಿತು.

“ಇದನ್ನು ಮಣ್ಣು ಎನ್ನುವುದಿಲ್ಲ ಅಮ್ಮಾ,” ಎಂದ ಅವನು.

“ಮತ್ತೇನು ಕಬ್ಬಿಣವೋ?” ಎಂದೆ. ಪಾಪ, ಅವನು ನಕ್ಕು ಬಿಟ್ಟುಬಿಟ್ಟ. ಸೀರೆಗಳನ್ನು ಮಾತ್ರ ಮಡಚಿ ಕೊಡಲಿಲ್ಲ. ಅವನ್ನು ಕಂಕುಳಲ್ಲಿ ಅವುಚಿಕೊಂಡು ಎಲೆಯ ಬಂಡಿ ತಳ್ಳುತ್ತಾ ನಾನು ಅಮೆರಿಕದೊಳಗೆ ಕಾಲಿಟ್ಟೆ.

ಜರ್ಮನ್‌ಟೌನ್

ಕರೆದುಕೊಂಡು ಹೋಗಲು ಪ್ರಮೀಳಾ ಬಂದಿದ್ದಳು. ಅವಳ ತಾಯಿಯೂ ನಾನೂ ಮೈಸೂರಿನ ಕಾಲೇಜು ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ಈಗ ತಾಯಿ ಇಲ್ಲ. ಪ್ರಮೀಳಾ ಜರ್ಮನ್‌ಟೌನಿನ ಒಂದು ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಾಳೆ. ಈ ಎಲೆಯ ವ್ಯವಹಾರ ಹುಟ್ಟಿದ್ದೇ ಅವಳ ಮನೆಯ ಮೆಟ್ಟಿಲಲ್ಲಿ. ಪಕ್ಕದ ಮನೆಯ ಟಾಮ್ ಎಂಬಾತ ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿಸುವ ಕಂಪನಿಯಲ್ಲಿ ಮೇಲ್ವಿಚಾರಕ. ಈಗ ಇಂಥ ಮಣ್ಣಿನ ಕೆಲಸ ಮಾಡುವವರು ಅಮೆರಿಕದಲ್ಲಿ ಬೆರಳೆಣಿಕೆಯಷ್ಟು, ಅವರ ಬಳಿ ವರ್ಷಗಟ್ಟಲೆ ಸರದಿ ಎಂದು ಅವನು ಗೋಳು ತೋಡಿಕೊಂಡಾಗ, ಇವಳು ಬಾಯಿ ತಪ್ಪಿ ನಮ್ಮ ಕಾರ್ಖಾನೆಯ ಹೆಸರು ಹೇಳಿದ್ದಳು. ಅವನು ಪ್ಲಾಸ್ಟರಿನ ಒಂದು ಎಲೆಯನ್ನು ಹಡಗಿನಲ್ಲಿ ನಮ್ಮೂರಿಗೆ ಕಳುಹಿಸಿಕೊಟ್ಟ. ನಾವು ಅದನ್ನು ನೋಡಿ ಇದನ್ನು ಮಾಡಿದೆವು.

ಮಾರ್ಚ್ ತಿಂಗಳು. ಚಳಿ ಎಲುಬಿಗೆ ಇಳಿಯುತ್ತಿತ್ತು. ಮರಗಳಲ್ಲಿ ಒಂದೆಲೆ ಇಲ್ಲ. ಸಾಲುಸಾಲು ಮನೆಗಳು, ಎಲ್ಲವೂ ಒಂದೇ ಅಚ್ಚಿನಲ್ಲಿ ಒತ್ತಿದಂತೆ, ಆದರೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಎಲ್ಲ ಮಾಡುಗಳ ಮೇಲೂ ಡಾಂಬರಿನ ಹಾಳೆಗಳು. ನಾನು ಕಿಟಕಿಯಲ್ಲಿ ಕೂತು ಒಂದಾದರೂ ಹಂಚಿನ ಮಾಡು ಕಾಣುವುದೇ ಎಂದು ನೋಡಿದ್ದೇ ನೋಡಿದ್ದು.

“ಆಂಟಿ, ಇಷ್ಟು ಟೆನ್ಷನ್ ಯಾಕೆ ಮಾಡ್ಕೋತೀರಾ? ಟಾಮ್ ತುಂಬಾ ನೈಸ್ ಮನುಷ್ಯ,” ಎಂದಳು ಪ್ರಮೀಳಾ.

“ಅವನು ಒಳ್ಳೆಯವನಾಗಿ ನನಗೆ ಎಂತ ಆಗಬೇಕು? ಎಲೆ ಅದರ ಜಾಗದಲ್ಲಿ ಸರಿಯಾಗಿ ಕೂತರೆ ಸಾಕು.”

ಟಾಮ್ ಸಂಜೆ ಬಂದ. ಎತ್ತರದ, ಮೆತ್ತಗಿನ ಮನುಷ್ಯ. ಬಂದವನೇ ಬೂಟು ಕಳಚಿಟ್ಟು, ಎಲೆಯ ಮುಂದೆ ನೆಲದಲ್ಲಿ ಮೊಣಕಾಲೂರಿ ಕೂತ. ನಮ್ಮ ಶೀನ ಆಚಾರಿ ಅದರ ನರಗಳನ್ನು ಒಂದೊಂದಾಗಿ ಬಿದಿರುಕಡ್ಡಿಯಲ್ಲಿ ತೀಡಿದ್ದ. ಆಚಾರಿಯದು ದೇವಸ್ಥಾನದ ಮರಗೆಲಸದ ಮನೆತನ, ಕೈ ಅಂಥದ್ದು. ಟಾಮ್ ಒಂದೊಂದು ನರದ ಮೇಲೂ ಬೆರಳಾಡಿಸಿದ. ಆಮೇಲೆ, “ಇಂಥ ಮೇಲ್ಮೈ ನಾನು ಈಚೆಗೆ ಎಲ್ಲೂ ನೋಡಿಲ್ಲ,” ಎಂದ. ಅವತ್ತು ರಾತ್ರಿ ಚೆನ್ನಾಗಿ ಊಟ ಮಾಡಿದೆ.

ಅವನು ಮೊದಲೇ ಅಟ್ಲಾಂಟಾಕ್ಕೆ ಹೋಗಿ ಕಾಯುವುದು, ನಾವು ಕಾರಿನಲ್ಲಿ ಎಲೆ ತೆಗೆದುಕೊಂಡು ಹೋಗುವುದು ಎಂದಾಯಿತು. ದಾರಿಯಲ್ಲಿ ಉತ್ತರ ಕೆರೊಲಿನಾದಲ್ಲಿ, ಮೂಲ ಎಲೆಗಳನ್ನು ಮಾಡಿದ ಕಾರ್ಖಾನೆಯ ಅವಶೇಷ ಇದೆಯಂತೆ. ಅದನ್ನು ನೋಡಲೇಬೇಕು ಎಂದು ನಾನು ಹಟ ಹಿಡಿದೆ.

ವಾಷಿಂಗ್ಟನ್

ಹೊರಡುವ ಮುನ್ನ ಒಂದು ದಿನ ಪ್ರಮೀಳಾ ನನ್ನನ್ನು ಪಟ್ಟಣ ಸುತ್ತಿಸಿದಳು. ಬಿಳೀ ಕಲ್ಲಿನ ಗುಮ್ಮಟ, ಬಿಳೀ ಕಲ್ಲಿನ ಕಂಬ, ಬಿಳೀ ಕಲ್ಲಿನ ಅಧ್ಯಕ್ಷರು. ಚಂದವೇ. ಆದರೆ ಕಲ್ಲು ಕಂಡರೆ ನನಗೇನೂ ಆಗುವುದಿಲ್ಲ. ಕಲ್ಲು ತನ್ನಷ್ಟಕ್ಕೆ ಇರುವಂಥದ್ದು, ಅದನ್ನು ಯಾರೂ ಕಲಸಿ, ತಟ್ಟಿ, ಒಣಗಿಸಿ, ಬಿರುಕು ಬಿಟ್ಟೀತೇ ಎಂದು ಹೆದರಿ ಹೆದರಿ ಸುಡುವುದಿಲ್ಲ.

ಒಂದು ಕೆಂಪು ಕಟ್ಟಡದ ಮುಂದೆ ಮಾತ್ರ ಕಾಲು ತಾನಾಗಿ ನಿಂತಿತು. ಅವರ ಅಂತರ್ಯುದ್ಧದ ಸಿಪಾಯಿಗಳಿಗೆ ಪಿಂಚಣಿ ಹಂಚಲು ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿದ ಕಚೇರಿಯಂತೆ. ಕೆಳಗಿನ ಕಿಟಕಿಗಳ ಮೇಲುಗಡೆ, ಇಡೀ ಕಟ್ಟಡವನ್ನು ಸುತ್ತುವರಿದು ಸುಟ್ಟ ಮಣ್ಣಿನ ಸಿಪಾಯಿಗಳ ಮೆರವಣಿಗೆ. ಕುದುರೆಯ ಮೇಲಿನವರು, ದೋಣಿಯವರು, ಕೋಲೂರಿದ ಗಾಯಾಳುಗಳು. ಮುಖಗಳು ಎಷ್ಟು ಸ್ಪಷ್ಟವೆಂದರೆ ಒಬ್ಬ ನಮ್ಮ ಭಟ್ಟಿಯ ಕಾವಲಿನ ಅಂತೋನಿಯ ಹಾಗೇ ಇದ್ದ. ಆದರೆ ನಾನು ಮಳೆಯಲ್ಲಿ ಕತ್ತೆತ್ತಿಕೊಂಡು ಹೆಚ್ಚು ಹೊತ್ತು ನೋಡಿದ್ದು ಮುಖಗಳನ್ನಲ್ಲ, ತುಂಡಿಗೂ ತುಂಡಿಗೂ ನಡುವಿನ ಸಂದನ್ನು. ಸಂದೇ ಕಾಣುತ್ತಿರಲಿಲ್ಲ.

“ಆಂಟಿ, ಒದ್ದೆಯಾಗ್ತಿದೀರಾ. ಬನ್ನಿ, ಕಾಫಿ ತಗೊಳೋಣ.”

“ಒಂದು ತುಂಡೂ ಹೆಚ್ಚುಕಮ್ಮಿ ಇಲ್ಲವಲ್ಲೇ! ಭಟ್ಟಿಯಲ್ಲಿ ಇವೆಲ್ಲ ಕುಗ್ಗಿರಬೇಕು. ಅದು ಹೇಗೆ ಇಷ್ಟು ಸರಿಯಾಗಿ ಕೂರಿಸಿದರು?”

ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಹಸಿ ಮಣ್ಣು ಒಣಗುವಾಗ ಒಮ್ಮೆ, ಸುಡುವಾಗ ಇನ್ನೊಮ್ಮೆ ಕುಗ್ಗುತ್ತದೆ. ಹನ್ನೆರಡು ಅಂಗುಲದ ಹಂಚು ಬೇಕಿದ್ದರೆ ನಮ್ಮಲ್ಲಿ ಹದಿಮೂರು ಅಂಗುಲದ ಅಚ್ಚು ಬೇಕು. ಎಲೆಗೂ ಹಾಗೇ, ಟಾಮ್ ಕಳುಹಿಸಿದ ಪ್ಲಾಸ್ಟರನ್ನು ಅಳೆದು ಶೀನ ಆಚಾರಿ ಹನ್ನೆರಡಕ್ಕೆ ಒಂದರಷ್ಟು ಹೆಚ್ಚಿಸಿ ಅಚ್ಚು ಕೆತ್ತಿದ್ದ. ಸುಟ್ಟು ಹೊರಬಂದ ಎಲೆ ಪ್ಲಾಸ್ಟರಿನ ಪಕ್ಕ ಇಟ್ಟರೆ ಒಂದು ಕೂದಲೆಳೆಯೂ ವ್ಯತ್ಯಾಸವಿರಲಿಲ್ಲ. ಅವತ್ತು ಕಾರ್ಖಾನೆಯ ಹೆಂಗಸರು ಅದಕ್ಕೆ ಕುಂಕುಮ ಹಚ್ಚಿ ಆರತಿ ಎತ್ತಿದ್ದರು. ವಾಸು ಕೂಡ ಬಂದು ನೋಡಿ ಹೋಗಿದ್ದ.

ಏಪೆಕ್ಸ್ ದಾಟಿ

ದಕ್ಷಿಣಕ್ಕೆ ಇಳಿದಂತೆ ರಸ್ತೆಬದಿಯ ಮಣ್ಣು ಕೆಂಪಾಗುತ್ತ ಬಂತು. ನಮ್ಮ ಕಡೆಯ ಹಾಗೇ ಕೆಂಪು. ನನಗೆ ಖುಷಿಯಾಗಬೇಕಿತ್ತು, ಯಾಕೋ ಆಗಲಿಲ್ಲ. ರಾತ್ರಿ ಏಪೆಕ್ಸಿನಲ್ಲಿ ಪ್ರಮೀಳಾಳ ಗೆಳತಿಯ ಮನೆ. ಬಿಸಿಬೇಳೆ ಭಾತು ಬಡಿಸುತ್ತ ಆಕೆ, “ಆಂಟಿ, ಡಿಸ್ನಿ ವರ್ಲ್ಡ್ ನೋಡೋಕೆ ಹೋಗಲ್ವಾ? ಹಳೇ ಫ್ಯಾಕ್ಟರಿ ನೋಡೋಕೆ ಯಾರು ಬರ್ತಾರೆ!” ಎಂದು ಕೇಳಿದಳು. ಅವಳ ಗಂಡನಿಗೆ ನಾನು ತಲೆ ಕೆಟ್ಟವಳು ಎಂದು ಖಾತ್ರಿಯಾಗಿತ್ತು. ಉಪ್ಪಿನಕಾಯಿಯ ಭರಣಿ ಮಾತ್ರ ನನ್ನ ಕಡೆಗೇ ಸರಿಸುತ್ತಿದ್ದ.

ಮರುದಿನ ಬೆಳಿಗ್ಗೆ ದಾರಿ ತಪ್ಪಿತು. ಒಂದು ಪೆಟ್ರೋಲ್ ಬಂಕಿನಲ್ಲಿ ಪ್ರಮೀಳಾ ನಕ್ಷೆ ಬಿಚ್ಚಿ ಕೇಳಿದರೆ ಆ ಹುಡುಗಿ ಹುಟ್ಟಿ ಬೆಳೆದದ್ದು ಅಲ್ಲೇ ಅಂತೆ, ಅಂಥ ಕಾರ್ಖಾನೆಯ ಹೆಸರೇ ಕೇಳಿಲ್ಲವಂತೆ. ಅದು ಅಲ್ಲಿಂದ ಕೂಗಳತೆಯಲ್ಲಿತ್ತು.

ಟಾಮ್ ಮೊದಲೇ ಹೇಳಿಟ್ಟಿದ್ದರಿಂದ ಲೂಸಿಲ್ ಎಂಬ ಮುದುಕಿ ನಮಗಾಗಿ ಜಗಲಿಯಲ್ಲಿ ಕಾಯುತ್ತಿದ್ದಳು. ಎಪ್ಪತ್ತು ದಾಟಿರಬೇಕು. ಕಾರ್ಖಾನೆಯ ಕೊನೆಯ ಯಜಮಾನನ ಮೊಮ್ಮಗಳು. ಗಂಬೂಟು ತೊಟ್ಟುಕೊಂಡು ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಹಿತ್ತಲೆಂದರೆ ಎಕರೆಗಟ್ಟಲೆ. ಒಣಗಿದ ಬಳ್ಳಿಗಳ ರಾಶಿ, ಅದರಡಿಯಲ್ಲಿ ಮಣ್ಣಿನ ಸಿಂಹದ ಮುಖಗಳು, ದ್ರಾಕ್ಷಿ ಗೊಂಚಲು, ಹೆಂಗಸಿನ ತಲೆ, ಎಲೆ, ಎಲೆ, ಎಲೆ. ಕೆಲವು ಒಡೆದಿದ್ದವು, ಹೆಚ್ಚಿನವು ಒಡೆದಿರಲಿಲ್ಲ. ಮಳೆನೀರು ಸಿಂಹದ ಬಾಯಲ್ಲಿ ನಿಂತಿತ್ತು. ಆಚೆಗೆ ಎರಡು ಭಟ್ಟಿಗಳು. ಒಂದರ ಮಾಡು ಕುಸಿದಿತ್ತು. ಇನ್ನೊಂದರ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದು ಹಾಗೇ ಇತ್ತು.

“ಇವೆಲ್ಲ ಯಾಕೆ ಇಲ್ಲೇ ಉಳಿದವು?” ಎಂದು ಕೇಳಿದೆ.

“ಕೊಳ್ಳುವವರಿಲ್ಲದೆಯೇ ಮಾಡಿಟ್ಟಂಥವು,” ಎಂದಳು.

ಕಥೆಯನ್ನು ಅವಳು ಅಡುಗೆಮನೆಯಲ್ಲಿ ಕೂತು ಹೇಳಿದಳು. ಅವಳ ಅಜ್ಜನ ತಂದೆ ಇಂಗ್ಲೆಂಡಿನಲ್ಲಿ ಮಣ್ಣಿನ ಕೆಲಸ ಕಲಿತು ಬಂದವನು. ರಾಣಿಯ ಕಾಲ. ಆಗ ಇಲ್ಲಿ ಹೊಸ ಹೊಸ ಪೇಟೆಗಳು ಏಳುತ್ತಿದ್ದವು. ಬ್ಯಾಂಕು, ಕೋರ್ಟು, ರೈಲು ನಿಲ್ದಾಣ, ಎಲ್ಲಕ್ಕೂ ಅಲಂಕಾರ ಬೇಕು, ಕಲ್ಲು ಕೆತ್ತಿಸುವಷ್ಟು ಪುರುಸೊತ್ತಿಲ್ಲ. ಮಣ್ಣಿನದಾದರೆ ಒಂದು ಅಚ್ಚಿನಲ್ಲಿ ನೂರು ತೆಗೆಯಬಹುದು, ಬೆಂಕಿಗೂ ಹೆದರುವುದಿಲ್ಲ. ಕಾರ್ಖಾನೆ ಬೆಳೆಯಿತು. ಅಟ್ಲಾಂಟಾದ ಆ ಎಲೆಗಳು ಇಲ್ಲಿಂದಲೇ ರೈಲಿನಲ್ಲಿ ಹುಲ್ಲು ಹಾಸಿಕೊಂಡು ಹೋದವು. ಅವಳು ಹೇಳುತ್ತಿದ್ದರೆ ನನಗೆ ನಮ್ಮದೇ ಕಥೆ ಕೇಳಿದ ಹಾಗಾಯಿತು. ನಮ್ಮ ಕರಾವಳಿಗೂ ಜರ್ಮನ್ ಪಾದ್ರಿಗಳು ಹಂಚಿನ ಕೆಲಸ ತಂದದ್ದು ಹೆಚ್ಚುಕಡಿಮೆ ಆ ಹೊತ್ತಿಗೇ.

ಅವಳ ಅಜ್ಜನ ಕಾಲಕ್ಕೆ ಎಲ್ಲ ಬದಲಾಯಿತು. ಕಾಂಕ್ರೀಟು ಬಂತು, ನುಣ್ಣನೆಯ ಗೋಡೆಯ ಷೋಕಿ ಬಂತು. ಎಲೆಯೂ ಸಿಂಹವೂ ಯಾರಿಗೂ ಬೇಡ.

“ಅಜ್ಜ ನಿಲ್ಲಿಸಲಿಲ್ಲ. ಆರ್ಡರ್ ಬಂದೇ ಬರುತ್ತದೆ, ಬಂದಾಗ ಸರಕು ಸಿದ್ಧವಿರಬೇಕು ಎನ್ನುತ್ತಿದ್ದ. ಪ್ರತಿ ಸೋಮವಾರ ಕೆಲಸದವರು ಈ ಜಗಲಿಯ ಮುಂದೆ ಬಂದು ನಿಲ್ಲುತ್ತಿದ್ದರು. ಬಂತಾ ಎಂದು ಕೇಳುತ್ತಿದ್ದರು. ಮುಂದಿನ ವಾರ ಎನ್ನುತ್ತಿದ್ದ. ಸುಳ್ಳಲ್ಲ, ಅವನೇ ಅದನ್ನು ನಂಬಿದ್ದ. ಅವನ ಮಾತು ನಂಬಿ ಅವರು ಉಳಿದರು.”

“ಆಮೇಲೆ?”

“ವರ್ಷಗಳು ಹೋದವು. ಪ್ರಾಯದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಉಳಿದವರು ಹೆಚ್ಚಿನವರು ಮಣ್ಣು ಅಗೆಯುವ ಕರಿಯರು, ಬಟ್ಟೆ ಗಿರಣಿಯಲ್ಲಿ ಆಗ ಅವರನ್ನು ಒಳಗೇ ಬಿಡುತ್ತಿರಲಿಲ್ಲ. ಕೆಲಸ ಹುಡುಕಿ ಉತ್ತರದ ರಾಜ್ಯಗಳಿಗೆ ಹೋಗುವ ವಯಸ್ಸೂ ದಾಟಿತ್ತು. ಅಜ್ಜ ಹಾಸಿಗೆ ಹಿಡಿದಾಗಲೂ ಕಿಟಕಿಯ ಹತ್ತಿರ ಬಂದು ಕೇಳುತ್ತಿದ್ದರು. ಅವರಲ್ಲಿ ಒಬ್ಬ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಕೊನೆಗೆ ಅವನು ಚರ್ಚಿನ ಅನ್ನಕ್ಕೆ ನಿಂತದ್ದನ್ನು ನೋಡಿದೆ. ಮೊದಲ ವರ್ಷವೇ ಇಲ್ಲ ಎಂದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು.”

ಆ ಕಟ್ಟಿ ಮುಚ್ಚಿದ ಭಟ್ಟಿಯಲ್ಲಿ ಅಜ್ಜ ತುಂಬಿಸಿದ ಕೊನೆಯ ಸರಕು ಇನ್ನೂ ಇದೆಯಂತೆ. ತೆಗೆದು ನೋಡಲು ಮನೆಯವರಿಗೆ ಯಾರಿಗೂ ಮನಸ್ಸಾಗಲಿಲ್ಲವಂತೆ.

ಕಾಫಿಗೆ ಸಕ್ಕರೆ ತೆಗೆಯಲು ಅವಳು ಎದ್ದಳು. ಗೋಡೆಯ ಕಪಾಟಿನ ಬಾಗಿಲು ಚೌಕಟ್ಟಿಗೆ ಕೂರದೆ ಅರ್ಧ ತೆರೆದೇ ನಿಂತಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ನಕ್ಕಳು. “ಅಚ್ಚು ಮಾಡುವವನೊಬ್ಬ ಅಜ್ಜಿಗೆ ಮಾಡಿಕೊಟ್ಟದ್ದು. ಚೌಕಟ್ಟನ್ನು ಮನೆಯ ಅಳತೆ ಕೋಲಿನಲ್ಲಿ ಅಳೆದ, ಬಾಗಿಲಿನ ಹಲಗೆಯನ್ನು ಕಾರ್ಖಾನೆಯ ಕೋಲಿನಲ್ಲಿ. ಅವನಿಗೆ ಅದೇ ರೂಢಿ.”

“ಕಾರ್ಖಾನೆಯ ಕೋಲು ಅಂದರೆ?”

ಅವಳು ಬಾಗಿಲ ಹಿಂದಿನಿಂದ ಮರದ ಒಂದು ಪಟ್ಟಿ ತಂದು ಮೇಜಿನ ಮೇಲೆ ಇಟ್ಟಳು. ಅದರ ಪಕ್ಕ ಶಾಲೆಯ ಮಕ್ಕಳ ಅಳತೆಪಟ್ಟಿ ಇಟ್ಟಳು. ಎರಡರಲ್ಲೂ ಹನ್ನೆರಡು ಅಂಗುಲದ ಗೀಟು. ಆದರೆ ಕಾರ್ಖಾನೆಯ ಕೋಲಿನ ಅಡಿ ಹೆಬ್ಬೆರಳ ಅಗಲದಷ್ಟು ಹೆಚ್ಚು ಉದ್ದ. ಅದರ ಒಂದೊಂದು ಅಂಗುಲವೂ ತುಸು ಹಿಗ್ಗಿತ್ತು.

“ಮಣ್ಣು ಕುಗ್ಗುತ್ತದಲ್ಲ. ಲೆಕ್ಕ ಹಾಕುವ ಗೋಜು ಬೇಡವೆಂದು ಕೋಲನ್ನೇ ಹಾಗೆ ಮಾಡಿಸಿಕೊಂಡಿದ್ದರು. ಪ್ಲಾಸ್ಟರಿನ ಮಾದರಿಗಳೆಲ್ಲ ಇದೇ ಅಳತೆಯವು.”

ನಾನು ಎರಡು ಪಟ್ಟಿಗಳನ್ನೂ ಜೋಡಿಸಿ ಇನ್ನೊಮ್ಮೆ ನೋಡಿದೆ. “ಟಾಮ್ ಒಯ್ದ ಪ್ಲಾಸ್ಟರ್ ಎಲೆ ಎಲ್ಲಿಯದು? ಕಟ್ಟಡದ ಮೇಲಿನ ಎಲೆಯಿಂದ ಅಚ್ಚು ತೆಗೆದದ್ದಲ್ಲವೇ?”

“ಅಲ್ಲ, ಅಲ್ಲ. ನಮ್ಮ ಮಾದರಿಗಳ ಶೆಡ್ಡಿನಿಂದಲೇ ಒಯ್ದ.”

ಇಷ್ಟೇ. ಎರಡೂ ಕಡೆಯವರು ಜಾಣರೇ. ಶೆಡ್ಡಿನದೋ ಕಟ್ಟಡದ್ದೋ, ಟಾಮ್‌ಗೆ ಪ್ಲಾಸ್ಟರ್ ಎಂದರೆ ಪ್ಲಾಸ್ಟರ್. ನಾವು ಅದನ್ನು ಸುಟ್ಟ ಎಲೆಯ ನಕಲು ಎಂದುಕೊಂಡೆವು. ಇಲ್ಲಿಯವರು ಮಣ್ಣು ಕುಗ್ಗುವುದಕ್ಕೆಂದು ಮೊದಲೇ ಹಿಗ್ಗಿಸಿಟ್ಟಿದ್ದನ್ನು ನಾವು ಮೈಯೆಲ್ಲ ಕಣ್ಣಾಗಿ ಇನ್ನೊಮ್ಮೆ ಹಿಗ್ಗಿಸಿದೆವು. ಮಣ್ಣಿನ ಗುಣ ಗೊತ್ತಿಲ್ಲದ ಯಾವನಾದರೂ ದಡ್ಡ ಆ ಪ್ಲಾಸ್ಟರಿಗೇ ಹಸಿ ಮಣ್ಣು ಒತ್ತಿ ತೆಗೆದಿದ್ದರೆ ಎಲೆ ಸರಿಯಾಗಿಯೇ ಬರುತ್ತಿತ್ತು!

ಕಾರಿನಲ್ಲಿ ಕೂತ ಮೇಲೆ ಪ್ರಮೀಳಾಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು.

“ಟಾಮ್‌ಗೆ ಈಗಲೇ ಕಾಲ್ ಮಾಡೋಣ್ವಾ ಆಂಟಿ? ಎಕ್ಸ್‌ಪ್ಲೇನ್ ಮಾಡಿದ್ರೆ ಅರ್ಥ ಮಾಡ್ಕೋತಾನೆ.”

“ಬೇಡ. ಮೊದಲು ಜಾಗ ನೋಡುವ. ಸಂದು ದೊಡ್ಡದಿದ್ದರೆ ಕೂತರೂ ಕೂತೀತು.”

ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು. ದಕ್ಷಿಣ ಕೆರೊಲಿನಾ ಪೂರ್ತಿ ಮಳೆ. ಪ್ರಮೀಳಾ ಎರಡು ಸಲ ಕ್ಯಾಸೆಟ್ ಹಾಕಿ ಎರಡು ಸಲವೂ ತೆಗೆದಳು. ನಾನು ಹಿಂದಿನ ಸೀಟಿನಲ್ಲಿ ಎಲೆಯ ಪಕ್ಕ ಕೂತು, ಅದರ ಮೇಲೆ ಕೈಯಿಟ್ಟುಕೊಂಡೇ ಹೋದೆ.

ಅಟ್ಲಾಂಟಾ

ಮುಂದಿನ ವರ್ಷ ಒಲಿಂಪಿಕ್ಸ್ ಎಂದು ಅಟ್ಲಾಂಟಾ ಪಟ್ಟಣವನ್ನೇ ಅಗೆದು ಹಾಕಿದ್ದರು. ಎಲ್ಲಿ ನೋಡಿದರೂ ಕ್ರೇನು, ಧೂಳು, ಅಡ್ಡಗಟ್ಟಿದ ರಸ್ತೆ. ಜಗತ್ತಿನ ಜನ ಬರುವ ಮುಂಚೆ ಮುಖ ತೊಳೆದುಕೊಳ್ಳುವ ಅವಸರ ಊರಿಗೆ. ನಮ್ಮ ಕಟ್ಟಡ ಹತ್ತಂತಸ್ತಿನದು, ಎರಡು ಗಾಜಿನ ಗೋಪುರಗಳ ನಡುವೆ ಬಡಕಲಾಗಿ ನಿಂತಿತ್ತು.

ಹೊರಗಿನ ಕಬ್ಬಿಣದ ಪಂಜರದಂಥ ಲಿಫ್ಟಿನಲ್ಲಿ ಮೇಲೆ ಹೋಗಬೇಕು. ತುರುಬಿನ ಮೇಲೆ ಹಳದಿ ಟೊಪ್ಪಿ ಕೂರಲೊಲ್ಲದು. ತುರುಬು ಬಿಚ್ಚಿ ಜಡೆ ಹೆಣೆದುಕೊಂಡೆ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದೆ. ಪ್ರಮೀಳಾಗೆ ಎತ್ತರ ಎಂದರೆ ಭಯ, ಕೆಳಗೇ ನಿಂತಳು. ಮೇಲೆ ಟಾಮ್, ಗಾರೆ ಕೆಲಸದವನೊಬ್ಬ, ಕಟ್ಟಡದ ಮಾಲೀಕರ ಕಡೆಯಿಂದ ಬಂದ ಟೈ ಕಟ್ಟಿದ ಒಬ್ಬಾತ. ಅಂಚಿನುದ್ದಕ್ಕೂ ಹಳೆಯ ಎಲೆಗಳು, ಮಸಿ ಹಿಡಿದು ಕಪ್ಪಾಗಿ, ಆದರೂ ಎಂಥ ಎಲೆಗಳು! ಅಲ್ಲಲ್ಲಿ ಉದುರಿದ ಜಾಗ ಬೋಳಾಗಿತ್ತು.

ಟಾಮ್‌ಗೆ ಕೋಲಿನ ಕಥೆ ಅಲ್ಲೇ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡ. “ನಾನು ಹೇಳಬೇಕಿತ್ತು,” ಎಂದ.

“ನಾನು ಕೇಳಬೇಕಿತ್ತು,” ಎಂದೆ.

ಎಲೆಯನ್ನು ಎತ್ತಿ ಬೋಳು ಜಾಗಕ್ಕೆ ಹಿಡಿದರು. ಎರಡು ಬೆರಳು ದೊಡ್ಡದು. ಗಾರೆಯವನು ಟಾಮ್‌ನ ಮುಖ ನೋಡಿದ, ಟಾಮ್ ನನ್ನ ಮುಖ ನೋಡಿದ. ನಾನು ಹ್ಞೂಂ ಎಂದೆ. ಗರಗಸದ ಯಂತ್ರ ತಂದರು. ಎರಡೂ ಬದಿಯಲ್ಲಿ ಒಂದೊಂದು ಬೆರಳಿನಷ್ಟು ಕತ್ತರಿಸಿದರು. ಶೀನ ಆಚಾರಿ ನಾಲ್ಕು ಸಲ ಕೆಡಿಸಿ ಐದನೆಯ ಸಲ ಸರಿ ಮಾಡಿದ್ದ ಆ ಸುರುಳಿ ತುದಿಗಳು ಹಲಗೆಯ ಮೇಲೆ ಬಿದ್ದವು. ಕೆಂಪು ಧೂಳು ನನ್ನ ಸೀರೆಯ ಮೇಲೆಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಎಲೆ ಕೂತಿತು. ತುದಿ ಕಳೆದುಕೊಂಡ ಎಲೆ, ಆದರೂ ಬಣ್ಣ, ನರ, ಮೈ ಎಲ್ಲ ಪಕ್ಕದವುಗಳ ತಂಗಿಯಂತಿತ್ತು. ಟೈ ಕಟ್ಟಿದವನು ಒಪ್ಪಿಕೊಂಡು ತಲೆಯಾಡಿಸಿದ. ಆಮೇಲೆ ಅವನೇ ಒಂದು ಪೆಟ್ಟಿಗೆ ತೆರೆದು ಇನ್ನೊಂದು ಎಲೆ ತೆಗೆದ. ಫೈಬರ್‌ಗ್ಲಾಸ್. ಹಳೆಯ ಎಲೆಯೊಂದರಿಂದಲೇ ಅಚ್ಚು ತೆಗೆದದ್ದು. ಅದು ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಒಂದೇ ಕೈಯಲ್ಲಿ ಎತ್ತಿ ಪಕ್ಕದ ಬೋಳು ಜಾಗಕ್ಕೆ ಇಟ್ಟ. ಟಪ್ಪನೆ ಕೂತಿತು. ನಾನು ಬೆರಳಿನಲ್ಲಿ ಬಡಿದು ನೋಡಿದೆ. ಖಾಲಿ ಡಬ್ಬಿಯ ಸದ್ದು.

“ಕೆಳಗೆ ರಸ್ತೆಯಲ್ಲಿ ನಿಂತವರಲ್ಲಿ ಇದನ್ನು ಯಾರು ಬಡಿದು ನೋಡುತ್ತಾರೆ?” ಎಂದ ಅವನು. ಮರ್ಯಾದೆಯಿಂದಲೇ ಹೇಳಿದ. ಸರಿಯಾದ ಮಾತೇ. ಅವರಿಗೆ ಇನ್ನೊಂದು ಮಾದರಿಗೆ ಕಾಯುವಷ್ಟು ಸಮಯವೂ ಇರಲಿಲ್ಲ. ಆರ್ಡರ್ ಫೈಬರ್‌ಗ್ಲಾಸಿನವರಿಗೆ ಹೋಯಿತು.

ಪಂಜರದಲ್ಲಿ ಇಳಿಯುವಾಗ ಟಾಮ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. “ನಿಮ್ಮ ಎಲೆಯನ್ನು ಅಲ್ಲಿಂದ ತೆಗೆಸುವುದಿಲ್ಲ. ಅದು ನಮ್ಮೆಲ್ಲರಿಗಿಂತ ಹೆಚ್ಚು ಬಾಳುತ್ತದೆ,” ಎಂದ. ಆಮೇಲೆ, “ಮುಂದಿನ ವರ್ಷ ಸವಾನಾದಲ್ಲಿ ಒಂದು ಕೆಲಸ ಬರಬಹುದು. ಖಂಡಿತ ಎನ್ನಲಾರೆ. ಸರಿ ಅಳತೆಯದು ಇನ್ನೊಂದು ಮಾಡಿ ಕಳುಹಿಸಿ. ನಾನು ಪ್ರಯತ್ನ ಮಾಡುತ್ತೇನೆ,” ಎಂದ.

ಪಾಪದ ಮನುಷ್ಯ. ಅವನು ಮನಸ್ಸಿನಿಂದಲೇ ಹೇಳಿದ್ದು.

ಜಾನ್ಸ್ ಕ್ರೀಕ್

ಅವತ್ತು ಉಳಿದುಕೊಂಡದ್ದು ಜಾನ್ಸ್ ಕ್ರೀಕಿನಲ್ಲಿ, ಪ್ರಮೀಳಾಳ ದೂರದ ನೆಂಟರ ಮನೆ. ಅವರ ಪುಟ್ಟ ಮಗಳು ನನ್ನ ಸೀರೆಯ ಕೆಂಪು ಧೂಳು ನೋಡಿ, “ಅಜ್ಜಿ, ನೀವು ಡರ್ಟಿ,” ಎಂದಳು. ತಾಯಿ ಗದರಿದಳು. ಬಿಡಮ್ಮ, ಮಗು ನಿಜ ಹೇಳಿದೆ ಎಂದು ನಾನು ಸ್ನಾನಕ್ಕೆ ಹೋದೆ. ನೀರು ಕೆಂಪಾಗಿ ಹರಿದು ಹೋಗುವುದನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆ.

ಬೆಳಿಗ್ಗೆ ಎದ್ದು ಊರಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ. ಕಾರ್ಡಿನ ಉದ್ದನೆಯ ನಂಬರನ್ನು ಎರಡು ಸಲ ತಪ್ಪು ಒತ್ತಿದೆ, ಪ್ರಮೀಳಾ ಕೈಯಿಂದ ಕಿತ್ತುಕೊಂಡು ತಾನೇ ಒತ್ತಿ ಕೊಟ್ಟಳು. ವಾಸು ಆಫೀಸಿನಲ್ಲೇ ಕಾಯುತ್ತಿದ್ದ.

“ಎಂತ ಆಯಿತು ಅತ್ತಿಗೆ?”

“ಆಗಲಿಲ್ಲ ವಾಸು.” ಕೋಲಿನ ಕಥೆ, ಗರಗಸದ ಕಥೆ, ಫೈಬರ್‌ಗ್ಲಾಸಿನ ಕಥೆ ಎಲ್ಲ ಹೇಳಿದೆ. ಸವಾನಾದ ಮಾತನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಈಗ ಸಹಿಯ ಸುದ್ದಿ ಎತ್ತುತ್ತಾನೆ ಎಂದು ಕಾದೆ.

“ಅಳತೆ ಒಂದೇ ತಪ್ಪಿದ್ದಲ್ವಾ?” ಎಂದ.

“ಅಳತೆ ಒಂದೇ.”

“ಕೆಲಸ ಚಂದ ಉಂಟು ಅಂದರಲ್ವಾ?”

“ಅಂದರು.”

“ಹಾಗಾದರೆ ಇನ್ನೊಂದು ಮಾಡುವ ಅತ್ತಿಗೆ. ಶೀನ ಆಚಾರಿ ಇಲ್ಲೇ ನಿಂತಿದ್ದಾನೆ, ನಾಳೆಯೇ ಶುರು ಮಾಡ್ತೇನೆ ಅಂತಾನೆ. ಹೆಂಗಸರು ಯಾರೂ ಮನೆಗೆ ಹೋಗಲಿಲ್ಲ, ನಿಮ್ಮ ಫೋನಿಗೇ ಕಾಯ್ತಾ ಇದ್ದಾರೆ. ಆ ಪಾರ್ಟಿಗೆ ಬರುವ ವರ್ಷ ನೋಡುವ ಅಂತ ನಾನು ಹೇಳ್ತೇನೆ. ನೀವು ಮಂಡೆಬೆಚ್ಚ ಮಾಡಬೇಡಿ.”

ಈ ಮಾತನ್ನು ಅವನ ಬಾಯಿಂದ ಕೇಳಬೇಕು ಎಂದು ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆ! ನನ್ನ ಜೊತೆ ಜಗಳವಾಡಿದವನೇ, ಮಾರುವ ಮಾರುವ ಎಂದು ತಲೆ ತಿಂದವನೇ ಈಗ ಹೀಗೆ ಹೇಳುತ್ತಿದ್ದಾನೆ. ಫೋನಿನ ಹಿಂದೆ ಹೆಂಗಸರ ಮಾತಿನ ಗುಜುಗುಜು ಕೇಳುತ್ತಿತ್ತು. ಯಾರೋ ನಕ್ಕರು. ಅಚ್ಚು ಒತ್ತುವ ಗುಲಾಬಿಯೇ ಇರಬೇಕು. ಪ್ರತಿ ಸೋಮವಾರ ಲೂಸಿಲಳ ಜಗಲಿಯ ಮುಂದೆ ಬಂದು ನಿಲ್ಲುತ್ತಿದ್ದವರು ನನಗೆ ನೆನಪಾದರು.

“ಬೇಡ ವಾಸು,” ಎಂದೆ.

“ಅಂದರೆ?”

“ಇನ್ನೊಂದು ಬೇಡ. ಜಾಗ ಕೊಟ್ಟುಬಿಡುವ. ನಾನು ಬಂದು ಸಹಿ ಹಾಕ್ತೇನೆ. ಆ ಹೆಂಗಸರು ಮನೆಗೆ ಹೋಗುವ ಮೊದಲು ಹೇಳು. ಕುಂದಾಪುರದ ಗೇರುಬೀಜದ ಕಾರ್ಖಾನೆಗೆ ಈಗ ಜನ ತೆಗೆದುಕೊಳ್ತಾರೆ, ಮಳೆಗಾಲ ಬಂದರೆ ತೆಗೆದುಕೊಳ್ಳುವುದಿಲ್ಲ.”

“ನೀವಾ ಇದನ್ನು ಹೇಳುವುದು?”

“ನಾನೇ.”

ಅವನ ದನಿ ಚಿಕ್ಕ ಮಗುವಿನ ಹಾಗೆ ಕೇಳಿತು.

“ಅತ್ತಿಗೆ, ಅಣ್ಣ ಇದ್ದಿದ್ದರೆ ಇನ್ನೊಂದು ಮಾಡ್ತಿರಲಿಲ್ವಾ?”

“ಮಾಡ್ತಿದ್ದರು,” ಎಂದೆ. “ಅದೂ ಪಾಸಾಗದಿದ್ದರೆ ಮತ್ತೂ ಒಂದು ಮಾಡ್ತಿದ್ದರು. ಅದಕ್ಕೇ ಹೇಳುವುದು ವಾಸು, ಅವರಿಗೆ ಇವತ್ತೇ ಹೇಳಿಬಿಡು.”